ಯಾವ ಏಕೀಕರಣ?

ಆವತ್ತು ನಾನು ಎದ್ದು ನಿಂತು 'ತಪ್ಪು ನನ್ನದು' ಎನ್ನಬೇಕಿತ್ತು. ಎನ್ನಲಿಲ್ಲ. ಇವತ್ತು ಬೆಳಿಗ್ಗೆ ಸಮರ್‌ಸೆಟ್‌ನ ನಮ್ಮ ಕನ್ನಡ ಬಳಗದಿಂದ ಫೋನಿಗೆ ಸಂದೇಶ ಬಂತು: ರಾಜ್ಯೋತ್ಸವಕ್ಕೆ ಒಳ್ಳೆಯ ಭಾಷಣಕಾರರಿದ್ದರೆ ತಿಳಿಸಿ. ಕುಡಿಯುತ್ತಿದ್ದ ಕಾಫಿ ಅಲ್ಲೇ ಬಿಟ್ಟು ಕಾರಿನ ಕೀ ತೆಗೆದುಕೊಂಡೆ.

ನಾನು ಎಸ್ಸೆಸ್ಸೆಲ್ಸಿಯಲ್ಲೇ ನಿಂತವನು. ಕ್ರ್ಯಾನ್‌ಬರಿಯ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತೇನೆ. ತಂಗಿ ಸುಮಾ ಕಾಲೇಜಿನಲ್ಲಿ ಪಾಠ ಮಾಡುವವಳು. ಅವಳ ಸಂಶೋಧನೆ ಏನೆಂದು ಒಮ್ಮೆ ಕೇಳಿದೆ. ನನಗೆ ತಿಳಿಯಲೆಂದು, ಪಾಪ, ಕನ್ನಡದಲ್ಲೇ ಹೇಳಿದಳು: "ಏಕೀಕರಣದ ಬಗ್ಗೆ ಪಾರ್ಟಿಗಳು ಹೇಗೆ ನಿಲುವು ತಗೋತಾವೆ ಅಂತ, ಅಣ್ಣ."

ನೀವೇ ಹೇಳಿ, ಏಕೀಕರಣ ಎಂದರೆ ನಮಗೆ ಇನ್ಯಾವುದು? ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದಾದದ್ದು ತಾನೆ? ಮುಂದೆ ಅವಳು ಹೇಳಿದ್ದನ್ನು ಕೇಳಿಸಿಕೊಳ್ಳಲಿಲ್ಲ. ಬಳಗಕ್ಕೆ ಹೋಗಿ, ಕರ್ನಾಟಕ ಏಕೀಕರಣದ ಬಗ್ಗೆ ಮಾತಾಡಲು ನನ್ನ ತಂಗಿಯೇ ಇದ್ದಾಳೆಂದು ಎದೆಯುಬ್ಬಿಸಿ ಹೇಳಿಬಂದೆ. ಅವಳಿಗೆ, "ನಿನ್ನ ವಿಷಯಾನೇ ಮಾತಾಡು" ಎಂದಷ್ಟೇ ಅಂದೆ.

ಹೋದ ರಾಜ್ಯೋತ್ಸವದ ದಿನ ವೇದಿಕೆ ಹತ್ತಿ ಸುಮಾ ಯುರೋಪಿನಿಂದಲೇ ಶುರುಮಾಡಿದಳು. ಯುರೋಪ್ ಒಂದಾಗುವುದಕ್ಕೆ ಒಂದು ದೇಶದ ಪಕ್ಷ ಹೂಂ ಅನ್ನುವುದೋ ಊಹೂಂ ಅನ್ನುವುದೋ ಬರೀ ಯುರೋಪನ್ನು ನೋಡಿ ಅಲ್ಲವಂತೆ. ತನ್ನ ನಂಬಿಕೆ ಏನು, ತನ್ನ ದೇಶದಲ್ಲಿ ಯಾರ ಓಟು ಬೇಕು, ಯಾರ ಜೊತೆ ಸರ್ಕಾರ ಮಾಡಬೇಕು, ಎಲ್ಲ ಸೇರುತ್ತದಂತೆ. ವಿರೋಧದಲ್ಲಿದ್ದಾಗ ಕೂಗಾಡಿದವರು ಕೆಲವೊಮ್ಮೆ ಕುರ್ಚಿಯ ಹತ್ತಿರ ಬಂದಾಗ ದನಿ ತಗ್ಗಿಸುತ್ತಾರಂತೆ.

"ಮೇಡಂ, ಈ ಹೈವೇಲಿ ಕರ್ನಾಟಕ ಯಾವ ಎಕ್ಸಿಟ್‌ನಲ್ಲಿ ಬರುತ್ತೆ?" ಹಿಂದಿನಿಂದ ಅಂಕಲ್ ಒಬ್ಬರು ಕೂಗಿದರು. ಹಾಲ್‌ಗೆ ಹಾಲೇ ನಕ್ಕಿತು.

ಮೊದಲ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದ ಅಧ್ಯಕ್ಷರು, "ಏನ್ರೀ ಇದು?" ಎಂದರು.

"ನಾನು ಸರಿಯಾಗೇ ಹೇಳಿದ್ದೆ ಸಾರ್. ಅವಳೇ ತಪ್ಪು ತಿಳ್ಕೊಂಡಿದಾಳೆ" ಎಂದೆ. ಅವರ ಜೊತೆ ನಾನೂ ನಕ್ಕೆ. ಸುಮಾ ನನ್ನನ್ನೇ ನೋಡುತ್ತಿದ್ದಳು. ಎರಡು ಮಾತಿನಲ್ಲಿ ಭಾಷಣ ಮುಗಿಸಿ, ಊಟಕ್ಕೂ ನಿಲ್ಲದೆ ಹೊರಟಳು. ಆಮೇಲೆ ನನ್ನ ಫೋನ್ ಎತ್ತಲಿಲ್ಲ.

ಇವತ್ತು ಫೋರ್ಟ್ ಲೀಯಲ್ಲಿರುವ ಸುಮಾಳ ಮನೆಗೆ ಡ್ರೈವ್ ಮಾಡುವಾಗ ಅವಳ ಪಕ್ಷಗಳ ಕತೆ ಕೊನೆಗೂ ಅರ್ಥವಾಯಿತು. ಯುರೋಪಿನ ಬಗ್ಗೆ ನನಗೇನೂ ಗೊತ್ತಿರಲಿಲ್ಲ. ಪಕ್ಕದಲ್ಲಿ ಯಾರು ಕೂತಿದ್ದಾರೆಂದು ನೋಡಿಕೊಂಡೇ ನಾನು ನಕ್ಕಿದ್ದೆ.

ಬಾಗಿಲು ತೆರೆದವಳು ಒಳಗೆ ಕರೆಯಲಿಲ್ಲ. "ಏನು, ಇನ್ನೊಂದು ಭಾಷಣಾನಾ?"

ಕಾರಿಡಾರಿನಲ್ಲಿ ಯಾರೋ ಲಿಫ್ಟಿಗೆ ಕಾಯುತ್ತಿದ್ದರು. ಅವರಿಗೂ ಕೇಳಲಿ ಎಂದುಕೊಂಡೆ.

"ತಪ್ಪು ತಿಳ್ಕೊಂಡೋನು ನಾನು, ಸುಮಿ. ನಿನ್ನ ಮೇಲೆ ಹಾಕಿ ಅವರ ಜೊತೆ ನಕ್ಕೆ. ತಪ್ಪಾಯ್ತು ಕಣೇ."