ಚಿಕ್ಕತಾಯಕ್ಕನ ಪಿಕಪ್ಪಿಗೆ ಗಾಡಿ ಆಚಾರಿಯ ಬಾಡಿ

ವಯನಾಡು ಜಿಲ್ಲೆಯಾದ ಮೇಲಿನ ಮೂರನೆಯ ಮಳೆಗಾಲ, ೧೯೮೩. ಇಂಥ ಅನುಭವ ಬರೆಯುವವರು ಮೊದಲು ತಮ್ಮ ಹುದ್ದೆ, ಇಲಾಖೆ ಹೇಳಿಕೊಳ್ಳುತ್ತಾರೆ. ನನ್ನ ಹುದ್ದೆಯನ್ನು ಯಾರೂ ಆರ್ಡರ್ ಹೊರಡಿಸಿ ಕೊಟ್ಟದ್ದಲ್ಲ, ಆದ್ದರಿಂದ ಅದನ್ನು ಕಿತ್ತುಕೊಳ್ಳುವ ಅಧಿಕಾರವೂ ಯಾರಿಗೂ ಇರಲಿಲ್ಲ. ಕೇಣಿಚಿರದ ಕೂಡುರಸ್ತೆಯಿಂದ ಕೂಗಳತೆ ದೂರದಲ್ಲಿ ನಮ್ಮ ಮನೆ. ಮನೆಯ ಅಂಗಳವೇ ಕಾರ್ಖಾನೆ. ಅಜ್ಜ ಗುಂಡ್ಲುಪೇಟೆ ಕಡೆಯಿಂದ ಉಳಿ, ಬಾಚಿ ಹೊತ್ತು ಬಂದು ಅಲ್ಲಿ ಎತ್ತಿನಗಾಡಿ ಮಾಡಲು ಕೂತರು. ಅಪ್ಪ ಅದನ್ನೇ ಮಾಡಿದರು, ನಾನೂ ಇಪ್ಪತ್ತೆರಡು ವರ್ಷ ಮಾಡಿದ್ದೆ. ಕನ್ನಡದವರಿಗೆ ನಾನು ಆಚಾರಿ, ಮಲಯಾಳದವರಿಗೆ ಆಶಾರಿ.

ಆ ವರ್ಷ ನನಗೆ ಬಂದದ್ದು ಒಂದೇ ಒಂದು ಹೊಸ ಗಾಡಿಯ ಕೆಲಸ. ರಸ್ತೆಗೆ ಟಾರು ಬಿದ್ದಿತ್ತು, ಲಾರಿಗಳು ಬಂದಿದ್ದವು. ಬಾಗಿಲು ಕಿಟಕಿ ಮಾಡು ಎಂದು ಹಲವರು ಬುದ್ಧಿ ಹೇಳಿದರು. ಬಾಗಿಲು ಇದ್ದಲ್ಲೇ ಇರುತ್ತದೆ, ಗಾಡಿ ನಡೆಯುತ್ತದೆ. ನಡೆಯುವ ವಸ್ತುವನ್ನು ಜೋಡಿಸುವ ಕೈಗೆ ನಿಂತ ವಸ್ತುವಿನಲ್ಲಿ ರುಚಿ ಹತ್ತುವುದಿಲ್ಲ ಎಂದು ಅವರಿಗೆ ಹೇಗೆ ಹೇಳುವುದು?

ನನ್ನ ಭಾಮೈದ ನಂಜಪ್ಪ ಸುಲ್ತಾನ್ ಬತ್ತೇರಿಯ ಒಂದು ಮರದ ಮಿಲ್ಲಿನಲ್ಲಿ ಗುಮಾಸ್ತ. ಒಳ್ಳೆಯವನು, ಆದರೆ ಒಳ್ಳೆಯದು ಮಾಡುವುದರಲ್ಲಿ ಅವನಿಗೆ ಅವಸರ ಜಾಸ್ತಿ. ನನಗೆ ಅದೇ ಮಿಲ್ಲಿನಲ್ಲಿ ವಾಚ್‌ಮನ್ ಕೆಲಸ ಮಾತಾಡಿ, ನನ್ನ ಒಪ್ಪಿಗೆಗೂ ಕಾಯದೆ ಎರಡು ಕಾಕಿ ಶರ್ಟು ಹೊಲಿಸಿ ತಂದುಬಿಟ್ಟ. ಹಿತ್ತಾಳೆಯ ಗುಂಡಿ, ಭುಜದ ಮೇಲೆ ಪಟ್ಟಿ.

"ಭಾವ, ಕೂತ್ಕಂಡು ಸಂಬಳ ಎಣಿಸೋ ಕೆಲ್ಸ. ಇನ್ನೆಷ್ಟ್ ದಿಸ ಈ ಚಕ್ರ ತಟ್ಕಂಡ್ ಕೂರ್ತೀಯೆ?" ಎಂದ.

ಬೇರೆಯವರ ಮರವನ್ನು ನಾನು ಕಾಯುತ್ತಾ ಕೂರುವುದು! ಸಿಟ್ಟು ನೆತ್ತಿಗೇರಿತು. ಆದರೂ ಶರ್ಟನ್ನು ವಾಪಸು ಎಸೆಯಲಿಲ್ಲ. ಮನೆಯಲ್ಲಿ ಹೆಂಡತಿ ಗೌರಿ ಅಕ್ಕಿ ಡಬ್ಬದ ತಳ ಕೆರೆಯುವ ಸದ್ದು ನನಗೂ ಕೇಳಿಸುತ್ತಿತ್ತು. ಯೋಚಿಸಿ ಹೇಳುತ್ತೇನೆ ಎಂದೆ.

ಅದೇ ವಾರ ಚಿಕ್ಕತಾಯಕ್ಕ ಬಂದಳು. ನೇಂದ್ರಬಾಳೆಯ ವ್ಯಾಪಾರ ಅವಳದು. ಸುತ್ತಲ ತೋಟಗಳಲ್ಲಿ ಗೊನೆ ಕೊಂಡು ಬತ್ತೇರಿ ಸಂತೆಗೆ ಸಾಗಿಸುತ್ತಿದ್ದಳು. ಅವಳ ಮೂರು ಗಾಡಿಯನ್ನೂ ಅಪ್ಪ, ನಾನು ಸೇರಿ ಮಾಡಿಕೊಟ್ಟಿದ್ದೆವು. ಎತ್ತುಗಳನ್ನು ಮಾರಿ ಆ ದುಡ್ಡಿನಲ್ಲಿ ಒಂದು ಎಸ್ಟೇಟಿನ ಹರಾಜಿನಲ್ಲಿ ಹಳೆಯ ಜೀಪ್ ಪಿಕಪ್ ಹಿಡಿದಿದ್ದಳು, ನಾಲ್ಕು ಸಾವಿರದ ಇನ್ನೂರು ರೂಪಾಯಿಗೆ. ಎಂಜಿನ್ ಇತ್ತು, ಡ್ರೈವರ್ ಕೂರುವ ಕ್ಯಾಬಿನ್ ಇತ್ತು. ಹಿಂದುಗಡೆ ಸರಕು ಹೇರುವ ಬಾಡಿ ಮಾತ್ರ ತುಕ್ಕು ಹಿಡಿದು ಉದುರಿಹೋಗಿತ್ತು. ಬತ್ತೇರಿಯ ಬಾಡಿ ವರ್ಕ್‌ಶಾಪಿನವರು ತಗಡಿನ ಬಾಡಿಗೆ ಆರು ಸಾವಿರ ಕೇಳಿದ್ದರು. ಅವಳ ಕೈಯಲ್ಲಿ ಉಳಿದದ್ದು ಎರಡೂವರೆ ಸಾವಿರ, ಅದರಲ್ಲೇ ಎಂಜಿನ್ನೂ ರಿಪೇರಿಯಾಗಬೇಕು.

"ಎತ್ತು ಎಳುದ್ರೇನು, ಎಂಜಿನ್ ಎಳುದ್ರೇನು ಆಚಾರೀ? ಹೊರೋದು ಗಾಡೀನೆ ಕನಪ್ಪ. ಓಣಕ್ಕೆ ಮುಂಚೆ ಆಗ್ಬೇಕು," ಎಂದಳು.

ಓಣಂ ಹತ್ತಿರವಾದಾಗ ನೇಂದ್ರಕ್ಕೆ ಇರುವ ಬೆಲೆ ವರ್ಷವಿಡೀ ಇರುವುದಿಲ್ಲ. ನಾನು ಒಂದು ಮಾತೂ ಚೌಕಾಸಿ ಮಾಡದೆ ಒಪ್ಪಿಕೊಂಡೆ. ಮನಸ್ಸಿನಲ್ಲೇ ಒಂದು ಲೆಕ್ಕ ಹಾಕಿದ್ದೆ: ಈ ಪಿಕಪ್ ಪರೀಕ್ಷೆ ಪಾಸಾಗಿ ರಸ್ತೆಗಿಳಿದರೆ ನಾನು ಆಚಾರಿ. ಇಲ್ಲವಾದರೆ ಕಾಕಿ.

ಎಂಜಿನ್ ನೋಡಿಕೊಂಡವರು ಪೌಲೋಸ್ ಚೇಟ್ಟನ್. ಬಸ್ ಡಿಪೋದಲ್ಲಿ ಮೆಕ್ಯಾನಿಕ್, ನನಗಿಂತ ಹತ್ತು ವರ್ಷ ಹಿರಿಯರು, ಅದಕ್ಕೇ ಚೇಟ್ಟನ್, ಅಂದರೆ ಅಣ್ಣ. ರಜೆಯ ದಿನ ನಮ್ಮ ಅಂಗಳಕ್ಕೆ ಬಂದು, ವಾಲ್ವುಗಳನ್ನು ಕೈಯಲ್ಲೇ ಉಜ್ಜಿ ಕೂರಿಸಿದರು, ರೇಡಿಯೇಟರಿನ ತೂತುಗಳಿಗೆ ಬೆಸುಗೆ ಹಾಕಿದರು. ಹೊಸದಾಗಿ ಕೊಂಡದ್ದು ಪಿಸ್ಟನ್ ರಿಂಗು, ಬ್ರೇಕಿನ ರಬ್ಬರು, ಒಂದು ಗ್ಯಾಸ್ಕೆಟ್ಟು ಅಷ್ಟೇ. ನಾನು ಹೊಸ ಮರವನ್ನೇ ಕೊಳ್ಳಲಿಲ್ಲ. ಚಿಕ್ಕತಾಯಕ್ಕನ ಹಳೆಯ ಗಾಡಿಗಳನ್ನೇ ಬಿಚ್ಚಿದೆ. ಇಪ್ಪತ್ತು ವರ್ಷ ಬಿಸಿಲು ಮಳೆ ತಿಂದು ಗಟ್ಟಿಯಾದ ಹೊನ್ನೆ ಮರ. ಅಪ್ಪನ ಉಳಿಯ ಗುರುತು ಕೆಲವು ಕಡೆ ಹಾಗೇ ಇತ್ತು.

ಕೆಲಸದ ಬಗ್ಗೆ ಎರಡು ಮಾತು ಹೇಳಬೇಕು. ಚಾಸಿ ಎಂದರೆ ವಾಹನದ ಅಡಿಯಲ್ಲಿ ಉದ್ದಕ್ಕೂ ಹೋಗುವ ಎರಡು ಕಬ್ಬಿಣದ ತೊಲೆ. ಹೊಂಡದಲ್ಲಿ ಒಂದು ಚಕ್ರ ಇಳಿದಾಗ ಅದು ಸ್ವಲ್ಪ ತಿರುಚಿಕೊಳ್ಳುತ್ತದೆ. ಮೇಲಿನ ಬಾಡಿಯನ್ನು ಬಿಗಿಯಾಗಿ ಬೆಸೆದುಬಿಟ್ಟರೆ ಎಲ್ಲಾದರೂ ಒಂದು ಕಡೆ ಬಿರುಕು ಬಿಡಲೇಬೇಕು. ಗಾಡಿ ಮಾಡುವವರಿಗೆ ಇದು ಹೊಸದಲ್ಲ. ನಾವು ಒಂದು ಮರದ ತುದಿಯನ್ನು ಇನ್ನೊಂದರ ತೂತಿಗೆ ಕೂರಿಸಿ ಬೆಣೆ ಹೊಡೆಯುವಾಗ ಕೂದಲೆಳೆಯಷ್ಟು ಆಟ ಬಿಡುತ್ತೇವೆ. ಗಾಡಿ ನರಳುತ್ತದೆ, ಮುರಿಯುವುದಿಲ್ಲ. ಪಿಕಪ್ಪಿಗೂ ಹಾಗೇ ಮಾಡಿದೆ. ಕಬ್ಬಿಣಕ್ಕೂ ಮರಕ್ಕೂ ನಡುವೆ ಹಳೆಯ ಟಯರಿನ ಪಟ್ಟಿ ಹಾಸಿ, ಯು-ಬೋಲ್ಟು ಎಂಬ ಬಾಗಿದ ಬೋಲ್ಟಿನಿಂದ ತಬ್ಬಿಸಿ ಕಟ್ಟಿದೆ.

ಬತ್ತೇರಿಯ ಬಾಡಿ ವರ್ಕ್‌ಶಾಪಿನ ಮೇಸ್ತ್ರಿ ಒಂದು ದಿನ ಆ ದಾರಿಯಲ್ಲಿ ಹೋಗುತ್ತಾ ಅಂಗಳಕ್ಕೆ ಇಣುಕಿದ. ಮರದ ಬೆಣೆಗಳನ್ನು ನೋಡಿ ನಕ್ಕ.

"ಮುನ್ನಿಲ್ ರಂಡು ಕಾಳೆಯೆ ಕೂಡಿ ಕೆಟ್ಟಿಕ್ಕೋ, ಆಶಾರೀ!"

ಮುಂದೆ ಎರಡು ಎತ್ತನ್ನೂ ಕಟ್ಟಿಕೋ ಎಂದ ಹಾಗೆ. ಕೂಡುರಸ್ತೆಯ ಚಹಾದಂಗಡಿಯಲ್ಲಿ ಆ ಮಾತು ಒಂದು ವಾರ ಓಡಾಡಿತು. ನಾನು ಅಂಗಡಿಗೆ ಹೋಗುವುದನ್ನು ಬಿಡಲಿಲ್ಲ. ದಿನಾ ಹೋಗಿ, ನಡುವಿನ ಬೆಂಚಿನಲ್ಲೇ ಕೂತು ಚಹಾ ಕುಡಿದು ಬರುತ್ತಿದ್ದೆ.

ಈಗ ನನ್ನ ತಪ್ಪು ಹೇಳುತ್ತೇನೆ. ಎತ್ತಿನಗಾಡಿಯಲ್ಲಿ ಭಾರವೆಲ್ಲ ಅಚ್ಚಿನ ಮೇಲೆ ಕೂರಬೇಕು, ಎತ್ತಿನ ಕತ್ತಿನ ಮೇಲೆ ಬೀಳಬಾರದು. ಇದು ನಮ್ಮ ರಕ್ತದಲ್ಲಿರುವ ಪಾಠ. ಪಿಕಪ್ಪಿನ ಮುಂದುಗಡೆ ಆಗಲೇ ಅಷ್ಟು ದೊಡ್ಡ ಎಂಜಿನ್ ಕೂತಿದೆಯಲ್ಲ, ಪಾಪ, ಅದರ ಮೇಲೆ ಇನ್ನೂ ಭಾರ ಯಾಕೆ ಎಂದು ನಾನು ಬಾಡಿಯನ್ನು ಹಿಂದಕ್ಕೆ ತಳ್ಳಿದೆ. ಕ್ಯಾಬಿನ್ನಿಗೂ ಬಾಡಿಗೂ ನಡುವೆ, ಎತ್ತಿನ ಬಾಲಕ್ಕೆ ಜಾಗ ಬಿಟ್ಟ ಹಾಗೆ, ಒಂದು ಅಡಿ ಖಾಲಿ ಬಿಟ್ಟಿದ್ದೆ. ಎಂಟು ಅಡಿ ಉದ್ದದ ಬಾಡಿಯಲ್ಲಿ ಹಿಂದಿನ ಅಚ್ಚಿನ ಮುಂದೆ ಇದ್ದದ್ದು ಎರಡೂವರೆ ಅಡಿ, ಹಿಂದೆ ಐದೂವರೆ. ಕೊನೆಯ ಹಲಗೆಯ ಮೇಲೆ ಅಪ್ಪ ಕೆತ್ತುತ್ತಿದ್ದ ಜೋಡಿ ಗಿಳಿಯನ್ನೂ ಕೆತ್ತಿದ್ದೆ. ಬೇಡವಾಗಿತ್ತು, ಆದರೆ ಆ ಮೇಸ್ತ್ರಿಗೆ ಕಾಣಲಿ ಎಂದೇ ಕೆತ್ತಿದೆ.

ಬುಧವಾರ ಬತ್ತೇರಿಯಲ್ಲಿ ಫಿಟ್ನೆಸ್ ಪರೀಕ್ಷೆ ಎಂದು ನಿಗದಿಯಾಗಿತ್ತು. ವಾಹನ ರಸ್ತೆಗೆ ಯೋಗ್ಯ ಎಂದು ಇನ್‌ಸ್ಪೆಕ್ಟರು ನೋಡಿ ಕಾಗದ ಕೊಡುವ ಪರೀಕ್ಷೆ ಅದು. ಅಂದು ತಪ್ಪಿದರೆ ಮುಂದಿನ ತಾರೀಕು ಓಣಂ ಕಳೆದ ಮೇಲೆ. ಹಿಂದಿನ ಭಾನುವಾರ, ಮನೆ ಹಿಂದಿನ ಕಾಫಿತೋಟದ ಮಣ್ಣುದಾರಿಯಲ್ಲಿ ಎಂಬತ್ತು ಗೊನೆ ಹೇರಿ ಓಡಿಸಿ ನೋಡೋಣ ಎಂದೆವು. ಪೌಲೋಸ್ ಚೇಟ್ಟನ್ ಸ್ಟಿಯರಿಂಗ್ ಹಿಡಿದರು. ನಾನು ಗೊನೆಗಳ ಮೇಲೆ ತುದಿಯಲ್ಲಿ ಕೂತೆ, ಮರದ ಸದ್ದು ಕೇಳಲು.

ಸಮದಾರಿಯಲ್ಲಿ ಚೆನ್ನಾಗಿಯೇ ಹೋಯಿತು. ಏರು ಶುರುವಾದ ಕೂಡಲೇ ಏನೋ ಕೆಟ್ಟಿತು. ತಿರುವಿನಲ್ಲಿ ಚೇಟ್ಟನ್ ಸ್ಟಿಯರಿಂಗನ್ನು ಪೂರ್ತಿ ಬಲಕ್ಕೆ ಎಳೆದರೂ ಪಿಕಪ್ ನೆಟ್ಟಗೆ ಹೋಗಿ ಕಾಫಿ ಗಿಡಗಳ ನಡುವೆ ನುಗ್ಗಿ ನಿಂತಿತು. ಒಂದು ಹೆಡ್‌ಲೈಟು ಪುಡಿಯಾಯಿತು. ನನ್ನ ಮೇಲೆ ನಾಲ್ಕು ಗೊನೆ ಬಿದ್ದವು. ಪೆಟ್ಟು ಯಾರಿಗೂ ಆಗಲಿಲ್ಲ. ಎದ್ದು ನೋಡಿದರೆ ಬೇಲಿಯ ಆಚೆ, ಉತ್ತರ ಕೇಳಲು ಬಂದ ನಂಜಪ್ಪ ಕೊಡೆ ಹಿಡಿದು ನಿಂತಿದ್ದಾನೆ.

ನಾನು ರೇಗಾಡಿದೆ. ಸ್ಟಿಯರಿಂಗ್ ಸರಿಯಿಲ್ಲ, ನೀವು ರಿಪೇರಿ ಮಾಡಿದ್ದು ಸರಿಯಿಲ್ಲ ಎಂದು ಹಿರಿಯರ ಮೇಲೆಯೇ ಹಾರಿದೆ. ಪೌಲೋಸ್ ಚೇಟ್ಟನ್ ಬೀಡಿ ಹಚ್ಚಿಕೊಂಡು, ನಾನು ಸುಸ್ತಾಗುವ ತನಕ ಕಾದರು. ಆಮೇಲೆ ಮಲಯಾಳದಲ್ಲಿ ಒಂದೇ ಪ್ರಶ್ನೆ ಕೇಳಿದರು:

"ಆಶಾರೀ, ಏರು ಹತ್ತುವಾಗ ಗಾಡಿ ಹೊಡೆಯುವವನು ಎಲ್ಲಿ ಕೂರುತ್ತಾನೆ?"

ಮೂಕಿಯ ಮೇಲೆ. ಎತ್ತುಗಳ ನಡುವೆ ಹಾಯುವ ಆ ಉದ್ದದ ಮರದ ಮೇಲೆ, ಆದಷ್ಟು ಮುಂದೆ. ಏರಿನಲ್ಲಿ ಭಾರ ಹಿಂದಕ್ಕೆ ಜಾರಿ ನೊಗ ಮೇಲೇಳುತ್ತದೆ, ಅದನ್ನು ಒತ್ತಿ ಹಿಡಿಯಲು. ಹಾಲು ಕುಡಿಯುವ ವಯಸ್ಸಿನಿಂದ ನೋಡಿದ ಸಂಗತಿ. ಪಿಕಪ್ಪಿನ ಮುಂದಿನ ಚಕ್ರಗಳಿಗೂ ನೆಲ ಕಚ್ಚಲು ಭಾರ ಬೇಕು. ನಾನು ಎಂಜಿನ್ನಿಗೆ ಕರುಣೆ ತೋರಿಸಲು ಹೋಗಿ ಅದರ ಕಾಲನ್ನು ನೆಲದಿಂದ ಬಿಡಿಸಿದ್ದೆ. ನನಗೆ ಅವತ್ತು ಆದಷ್ಟು ಅವಮಾನ ಚಹಾದಂಗಡಿಯ ನಗೆಯಿಂದ ಆಗಿರಲಿಲ್ಲ. ಚೇಟ್ಟನ್ನರ ಕೈ ಹಿಡಿದು ತಪ್ಪಾಯಿತು ಎಂದೆ.

ಪಿಕಪ್ಪಿನ ಹಿಂದೆಯೇ ನಡೆದು ಬಂದಿದ್ದ ಚಿಕ್ಕತಾಯಕ್ಕ ಬಿದ್ದ ಗೊನೆಗಳನ್ನು ಎತ್ತಿ ನೋಡುತ್ತಿದ್ದಳು. "ಬಲಿತ ಗೊನೆ ನಿನ್ನ ಮುಖ ನೋಡ್ಕಂಡು ಕಾಯಕಿಲ್ಲ ಆಚಾರೀ. ಎತ್ತೂ ಇಲ್ಲ ಈಗ ನನ್ನತ್ರ. ಬುಧವಾರಕ್ಕೆ ಆಯ್ತದೋ ಇಲ್ವೋ, ಅದೊಂದ್ ಹೇಳ್ಬುಡು," ಎಂದಳು.

"ಆಯ್ತದೆ," ಎಂದೆ.

ನಂಜಪ್ಪ ಬೇಲಿ ದಾಟಿ ಬಂದು, "ಭಾವ, ಇನ್ನಾದ್ರೂ ಬುಟ್ಬುಡು. ಮಿಲ್ಲಲ್ಲಿ ಇವತ್ತೇ ಹೇಳ್ಬೇಕು ಅಂತವ್ರೆ," ಎಂದ. ಬುಧವಾರ ಸಂಜೆ ಹೇಳುತ್ತೇನೆ ಎಂದು ಅವನನ್ನು ಬಸ್ಸು ಹತ್ತಿಸಿದೆ.

ಸೋಮವಾರ ಬೆಳಿಗ್ಗೆ ಬಾಡಿಯನ್ನು ಪೂರ್ತಿ ಕೆಳಗಿಳಿಸಿದೆವು. ಹಿಂದಿನಿಂದ ಒಂದೂವರೆ ಅಡಿ ಕೊಯ್ಯಬೇಕು, ಉಳಿದದ್ದನ್ನು ಕ್ಯಾಬಿನ್ನಿಗೆ ಮೂರು ಬೆರಳು ಬಿಟ್ಟು ಮುಂದಕ್ಕೆ ತರಬೇಕು. ಗರಗಸ ಹಿಡಿದಾಗ ಗಿಳಿಗಳ ಕಡೆ ನೋಡಲಿಲ್ಲ ಎಂದರೆ ಸುಳ್ಳಾಗುತ್ತದೆ. ನೋಡಿದೆ, ನೋಡಿಯೇ ಕೊಯ್ದೆ. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಮತ್ತೆ ಕೂರಿಸಲು ಹೋದರೆ ಹೊಸ ತೊಂದರೆ. ಬಿಚ್ಚುವಾಗ ಟಯರಿನ ಪಟ್ಟಿಗಳಲ್ಲಿ ಅರ್ಧ ಹರಿದುಹೋಗಿದ್ದವು. ಎಡಗಡೆಯ ತೊಲೆಗೆ ಹಾಸಲು ಏನೂ ಇಲ್ಲ. ಹಾಸದೆ ಕಟ್ಟಿದರೆ ಕಬ್ಬಿಣ ಮರವನ್ನು ತಿನ್ನುತ್ತದೆ. ಚಿಕ್ಕತಾಯಕ್ಕನ ದುಡ್ಡಿನಲ್ಲಿ ಕೊನೆಯ ಹದಿನಾಲ್ಕು ರೂಪಾಯಿ ಹೆಡ್‌ಲೈಟಿಗೆ ಹೋಗಿತ್ತು.

"ದಪ್ಪ ಬಟ್ಟೆ ಇದ್ರೂ ಆಗಿರೋದು. ನಾಕು ಮಡಿಕೆ ಮಾಡಿ ಗ್ರೀಸಲ್ಲಿ ನೆನಸುದ್ರೆ ನಿಲ್ತಿತ್ತು," ಎಂದು ನನ್ನಷ್ಟಕ್ಕೆ ಗೊಣಗಿದೆ.

ಗೌರಿ ಒಳಗೆ ಹೋದವಳು ಎರಡು ಕಾಕಿ ಶರ್ಟನ್ನೂ ತಂದಳು. ಜಗಲಿಯಲ್ಲಿ ಕೂತು ಹಿತ್ತಾಳೆಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ ಡಬ್ಬಿಗೆ ಹಾಕಿಕೊಂಡಳು.

"ನಿನ್ನ ತಮ್ಮ ಹೊಲ್ಸಿದ್ದು ಕಣೇ," ಎಂದೆ.

"ಗೊತ್ತು."

"ನಾಳೆ ಪಾಸ್ ಆಗ್ದಿದ್ರೆ ಶರ್ಟೂ ಇಲ್ಲ, ಕೆಲ್ಸಾನೂ ಇಲ್ಲ."

"ಮೂರ್ ವಾರದಿಂದ ಆ ಶರ್ಟು ಮೊಳೇಲಿ ನೇತಾಡ್ತಿತ್ತು. ನೀವು ಅದ್ರ ಕಡೆ ಬೆನ್ನಾಕ್ಕಂಡೇ ಊಟ ಮಾಡ್ತಿದ್ರಿ. ನಂಗೆ ನೋಡಿ ನೋಡಿ ಸಾಕಾಯ್ತು," ಎಂದು, ತೋಳಿನ ಹೊಲಿಗೆಗೆ ಕತ್ತರಿ ಇಟ್ಟಳು.

ಬುಧವಾರ ಪರೀಕ್ಷೆಯ ಮೈದಾನದಲ್ಲಿ ನಮ್ಮ ಹಿಂದೆ ಮುಂದೆ ಹೊಸ ಬಣ್ಣ ಹೊಡೆದ ಲಾರಿಗಳು. ಆ ಮೇಸ್ತ್ರಿಯೂ ತಾನು ಕಟ್ಟಿದ ತಗಡಿನ ಬಾಡಿಯೊಂದರ ಪಕ್ಕ ನಿಂತಿದ್ದ. ಇನ್‌ಸ್ಪೆಕ್ಟರು ವಯಸ್ಸಾದವರು, ಹೆಚ್ಚು ಮಾತಿಲ್ಲ. ಬ್ರೇಕು ನೋಡಿದರು, ದೀಪ ನೋಡಿದರು, ಹಿಂದಿನ ಅಚ್ಚಿನಿಂದ ಬಾಡಿಯ ತುದಿಗೆ ಟೇಪು ಹಿಡಿದು ಅಳೆದರು. ಮೂರು ಅಡಿ ಎರಡು ಅಂಗುಲ. ಅಚ್ಚಿನ ಹಿಂದೆ ಬಾಡಿ ಇಷ್ಟೇ ಚಾಚಬಹುದೆಂಬ ನಿಯಮವಿದೆ, ಭಾನುವಾರದ ಬಾಡಿಯಲ್ಲೇ ಬಂದಿದ್ದರೆ ಈ ಟೇಪಿನಲ್ಲೇ ನಿನ್ನ ಕತೆ ಮುಗಿಯುತ್ತಿತ್ತು ಎಂದು ಚೇಟ್ಟನ್ ಪಿಸುಗುಟ್ಟಿದರು. ಬಳಿಕ ಇನ್‌ಸ್ಪೆಕ್ಟರು ಮರದ ಬೆಣೆಯ ಮೇಲೆ ಬೆರಳಿಟ್ಟು, ಇದು ತಡೆಯುತ್ತದೆಯೇ ಎಂದು ಕೇಳಿದರು.

"ಒಂದು ಚಕ್ರ ಆ ಕಲ್ಲಿನ ದಿಬ್ಬದ ಮೇಲೆ ಹತ್ತಿಸಿ ನೋಡಿ ಸಾರ್. ಪಕ್ಕದ ತಗಡಿನದನ್ನೂ ಹತ್ತಿಸಿ," ಎಂದೆ. ಅಷ್ಟು ಹೇಳಬಾರದಿತ್ತೇನೋ. ಹೇಳಿದೆ.

ಪಕ್ಕದ್ದನ್ನು ಅವರು ಹತ್ತಿಸಲಿಲ್ಲ, ನಮ್ಮದನ್ನು ಹತ್ತಿಸಿದರು. ಮುಂದಿನ ಎಡಚಕ್ರ ದಿಬ್ಬ ಏರಿತು, ಚಾಸಿ ತಿರುಚಿತು, ಬಾಡಿ ಮುದುಕನ ಮಂಚದ ಹಾಗೆ ಕಿರ್ರೆಂದು ನರಳಿತು. ಇಳಿಸಿದಾಗ ಮತ್ತೆ ತನ್ನ ಜಾಗದಲ್ಲಿ ಕೂತಿತು. ಇನ್‌ಸ್ಪೆಕ್ಟರು ಒಂದೊಂದು ಸಂದಿಗೂ ಟಾರ್ಚು ಬಿಟ್ಟು ನೋಡಿದರು. ಒಂದು ಬೆಣೆಯೂ ಸಡಿಲವಾಗಿರಲಿಲ್ಲ. ಕಾಗದದಲ್ಲಿ ಬಾಡಿ ಕಟ್ಟಿದವರ ಹೆಸರಿನ ಮುಂದೆ ಉದ್ಯೋಗ ಬರೆಯಬೇಕಿತ್ತು.

"ಬಾಡಿ ಬಿಲ್ಡರ್ ಎಂದು ಬರೆಯಲೇ?" ಎಂದರು.

"ಗಾಡಿ ಆಚಾರಿ ಎಂದೇ ಬರೆಯಿರಿ," ಎಂದೆ. ಹಾಗೇ ಬರೆದರು, ಸಹಿ ಹಾಕಿದರು. ಮೇಸ್ತ್ರಿ ಆಗ ಬೇರೆ ಎಲ್ಲೋ ನೋಡುತ್ತಿದ್ದ.

ಆ ಕೆಲಸದ ಮೇಲೆ ಇಪ್ಪತ್ತು ವರ್ಷ ನಾನು ಪಿಕಪ್ಪು, ಲಾರಿ, ಟ್ರಾಕ್ಟರಿನ ಟ್ರೈಲರಿಗೆ ಮರದ ಬಾಡಿ ಕಟ್ಟಿದೆ. ಕಲಿತ ಪಾಠ ಮಾತ್ರ ಆ ನಾಲ್ಕು ದಿನದ್ದೇ. ನಿನ್ನ ಕಸುಬು ಮುಗಿಯಿತು ಎನ್ನುವವರ ಮುಂದೆ ಎಷ್ಟು ಹಟವನ್ನಾದರೂ ಮಾಡಬಹುದು, ಮಾಡಲೇಬೇಕು. ಮರದ ಮುಂದೆ, ಭಾರದ ಮುಂದೆ ಹಟ ನಡೆಯುವುದಿಲ್ಲ. ಅಲ್ಲಿ ತಪ್ಪು ಒಪ್ಪಿಕೊಂಡು ಗರಗಸ ಎತ್ತಿಕೊಳ್ಳದವನಿಗೆ ಹಟ ಮಾಡುವ ಹಕ್ಕೂ ಇಲ್ಲ.

ಆ ಸಂಜೆ ಕಾಗದ ಕೈಗೆ ಬಂದ ಮೇಲೆ ಪಿಕಪ್ಪಿನಲ್ಲೇ ಮರದ ಮಿಲ್ಲಿನ ಗೇಟಿಗೆ ಹೋದೆ. ನಂಜಪ್ಪ ಹೊರಗೆ ಓಡಿ ಬಂದ. ಚಿಕ್ಕತಾಯಕ್ಕ ಕ್ಯಾಬಿನ್ನಿನಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು.

"ಏನ್ ಭಾವ, ಬರೀ ಕೈಲಿ ಬಂದಿದ್ದೀಯೆ? ನಾಳೆಯಿಂದ ಬತ್ತೀಯಾ? ಎಲ್ಲಿ ಶರ್ಟು?"

"ಬಗ್ಗಿ ನೋಡಪ್ಪ," ಎಂದು ಬಾಡಿಯ ಅಡಿಗೆ ಕೈ ತೋರಿಸಿದೆ. "ಅದು ಆಗ್ಲೇ ಡ್ಯೂಟಿಗೆ ಸೇರ್ಕಂಡದೆ."

ನಂಜಪ್ಪ ಪಂಚೆ ಎತ್ತಿ ಕಟ್ಟಿ, ಮಿಲ್ಲಿನ ಗೇಟಿನ ಎದುರಿನ ಆ ಕೆಸರಿನಲ್ಲಿ ಮಂಡಿಯೂರಿ ಬಗ್ಗಿ ನೋಡಿದ.