ಚೀಲದ ಒಂದು ಕೆಜಿ

ನಮ್ಮ ಎಸ್ಟೇಟನ್ನು ಕಂಪನಿಯೊಂದು ಕೊಂಡ ಮೇಲೆ ಬಂದ ಹೊಸ ನಿಯಮಗಳಲ್ಲಿ ನನ್ನ ಪಿತ್ತ ಕೆರಳಿಸಿದ್ದು ಕಡ್ಡಾಯ ರಜೆ. ನನ್ನಂತೆ ತೂಕದ ಲೆಕ್ಕ ಬರೆಯುವ ರೈಟರ್ ಆದವನು ಕೊಯ್ಲಿನ ಕಾಲದಲ್ಲೇ ಹತ್ತು ದಿನ ಮನೆಯಲ್ಲಿರಬೇಕು, ಅವನ ಕೆಲಸವನ್ನು ಬೇರೆಯವರು ನೋಡಬೇಕು. ಮೋಸವಿದ್ದರೆ ಆಗ ಹೊರಬೀಳುತ್ತದಂತೆ. "ನಾನೇನು ಕಳ್ಳನಾ ಸಾರ್?" ಎಂದು ಮ್ಯಾನೇಜರ್ ಮೇಲೆ ರೇಗಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಕಥೆ.

ಏಕೆಂದರೆ ನನ್ನದೂ ಒಂದು ಗುಟ್ಟಿತ್ತು. ಸಂಜೆ ಕಾಫಿ ಹಣ್ಣು ತೂಗುವಾಗ ಚೀಲದ್ದೆಂದು ಒಂದು ಕೆಜಿ ಕಳೆದು, ಉಳಿದದ್ದನ್ನು ಕೂಗಿ ಹೇಳಿ ಬರೆದುಕೊಳ್ಳುವುದು ರೂಢಿ; ಕೂಲಿ ಸಿಗುವುದು ಆ ಲೆಕ್ಕಕ್ಕೇ. ಕೂಲಿಯವರ ಲೈನುಮನೆಗಳಲ್ಲಿದ್ದ ಒಬ್ಬ ಹಿರಿಯ ಹೆಂಗಸಿನ ಚೀಲಕ್ಕೆ ಮಾತ್ರ ನಾನು ಕಳೆಯುತ್ತಿರಲಿಲ್ಲ. ನನ್ನ ಮಗಳಿಗೆ ಜ್ವರ ನೆತ್ತಿಗೇರಿದ ದಿನ, ಜೀಪು ಸಿಗದೆ, ಮಗುವನ್ನು ಸೊಂಟಕ್ಕೇರಿಸಿಕೊಂಡು ಹಾನುಬಾಳಿನ ಆಸ್ಪತ್ರೆ ತನಕ ನಡೆದವಳು ಅವಳು. ಮೊದಲು ಒಂದೇ ಕೆಜಿ. ವರ್ಷ ಕಳೆದಂತೆ ಅವಳ ಕೈ ನಿಧಾನವಾಯಿತು, ನಾನು ಸೇರಿಸುವುದು ಐದಕ್ಕೆ ಹೋಯಿತು. ತಕ್ಕಡಿಯ ಮುಳ್ಳು ನನ್ನ ಕಡೆಗಿತ್ತು, ಕೇಳುವವರಿರಲಿಲ್ಲ.

ರಜೆಯ ನಾಲ್ಕನೇ ದಿನ ಅವಳು ನಮ್ಮ ಮನೆಗೆ ಬಂದು ಜಗಲಿಯಲ್ಲಿ ಕೂತಳು.

"ಹೊಸ ರೈಟ್ರು ಸರ್ಯಾಗೇ ತೂಗ್ತಾರೆ ಕಣಪ್ಪ. ನನ್ ಕೈಯೇ ಸೋತೋಗ್ಬುಟ್ಟೈತೆ. ಹೋದ ವಾರ ಇದ್ದ ಕೈ ಈ ವಾರ ಇಲ್ಲ. ನಾಳಿಂದ ಬರಕಿಲ್ಲ ಅಂತ ಹೇಳ್ಬುಡಪ್ಪ."

ಬೆರಳುಗಳನ್ನು ಮಡಚಿ ಬಿಡಿಸಿ ನೋಡಿಕೊಳ್ಳುತ್ತಿದ್ದಳು. ಸುಮ್ಮನಿದ್ದರೆ ನನ್ನ ಕೆಲಸ ಉಳಿಯುತ್ತಿತ್ತು. ಅವಳು ಮಾತ್ರ ತಾನು ಒಂದೇ ವಾರದಲ್ಲಿ ಮುದುಕಿಯಾದೆ ಎಂದುಕೊಂಡು ಮನೆ ಸೇರುತ್ತಿದ್ದಳು.

"ಕೈ ಸೋತಿದ್ದು ಈ ವಾರ ಅಲ್ಲ ಕಣವ್ವ," ಎಂದೆ. "ನಾನೇ ಸೇರ್ಸಿ ಬರೀತಿದ್ದೆ. ಆರು ವರ್ಷದಿಂದ."

ಅವಳು ಬೆರಳುಗಳನ್ನು ಸೆರಗಿನಡಿ ಸೇರಿಸಿಕೊಂಡಳು.

"ನನ್ನಷ್ಟು ಕುಯ್ದು ತೋರ್ಸಿ ಅಂತ ಲೈನಲ್ಲೆಲ್ಲ ಜಂಬ ಕೊಚ್ಕಂಡ್ ಬಂದ್ನಲ್ಲೋ ಮಾರಾಯ. ನನ್ನ ಒಂದ್ ಮಾತು ಕೇಳ್ಬಾರ್ದಿತ್ತಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳಿಗೆ ನಾಚಿಕೆಯಾಗಿತ್ತು. ನನ್ನ ಪ್ರೀತಿಯೇ ಅವಳನ್ನು ತಲೆ ತಗ್ಗಿಸುವಂತೆ ಮಾಡಿತಲ್ಲ ಎಂದು ದುಃಖವಾಯಿತು.

ಮರುದಿನ ಮ್ಯಾನೇಜರಿಗೆ ಎಲ್ಲ ಹೇಳಿದೆ. ತಪ್ಪೊಪ್ಪಿಗೆ ಬರೆಸಿಕೊಂಡರು, ಹೆಚ್ಚಿಗೆ ಬರೆದದ್ದನ್ನು ನನ್ನ ಸಂಬಳದಲ್ಲಿ ಹಿಡಿದರು, ಕೆಲಸದಿಂದ ತೆಗೆಯಲಿಲ್ಲ. ಜೊತೆಗೆ ಇನ್ನೊಂದು ನಿಯಮ ಬಂತು: ತೂಗುವಾಗ ಕೊಯ್ಯುವವರ ಪೈಕಿ ಒಬ್ಬರು ನಿಂತು ಮುಳ್ಳು ನೋಡಬೇಕು. ಅಷ್ಟರಲ್ಲಿ ನಡೆದದ್ದನ್ನೆಲ್ಲ ಅವಳೇ ಲೈನಿನಲ್ಲಿ ಬಾಯಿಬಿಟ್ಟು ಹೇಳಿಬಿಟ್ಟಿದ್ದಳು. ತನ್ನ ವಿಷಯವನ್ನೇ ಮುಚ್ಚಿಡದವಳು ಎಂದು ಎಲ್ಲರೂ ಸೇರಿ ಅವಳನ್ನೇ ಆರಿಸಿದರು.

ನಾನು ಕೆಲಸಕ್ಕೆ ಮರಳಿದ ಸಂಜೆ, ಬರಕಿಲ್ಲ ಎಂದಿದ್ದ ಅವಳು ತಕ್ಕಡಿಯ ಪಕ್ಕದಲ್ಲಿ ಸೆರಗು ಸಿಕ್ಕಿಸಿ ನಿಂತಿದ್ದಳು. ಅವಳ ಚೀಲದ ಸರದಿ ಬಂತು. ಮುಳ್ಳು ಇಪ್ಪತ್ತೊಂಬತ್ತಕ್ಕೆ ನಿಂತಿತು. ನಾನು ತಡವರಿಸಿದೆ.

"ಚೀಲದ್ದು ಕಳಿ ಕಣೋ," ಎಂದಳು.

"ಇಪ್ಪತ್ತೆಂಟು," ಎಂದು ಕೂಗಿದೆ.

"ಹ್ಞೂ, ಬರ್ಕೊ. ಇದು ನಂದು."