ಐವತ್ಮೂರರ ಡಿಕ್ಕಿ ಹಿಡಿಕೆ

ವರ್ನ್ ಕ್ಲಿಂಗ್‌ಮನ್‌ನ ಕೈಗೆ ಮೆರಿಡಿಯನ್ ಕಾರಿನ ಯಾವ ಚೂರು ಕೊಟ್ಟರೂ ಕಣ್ಣು ಮುಚ್ಚಿಕೊಂಡೇ ಅದು ಯಾವ ವರ್ಷದ್ದೆಂದು ಹೇಳಿಬಿಡುತ್ತಿದ್ದ. ಇದು ಉತ್ಪ್ರೇಕ್ಷೆಯಲ್ಲ. ವರ್ಷಕ್ಕೊಮ್ಮೆ ಊರವರ ಎದುರೇ ಪರೀಕ್ಷೆ ನಡೆಯುತ್ತಿತ್ತು, ಇಪ್ಪತ್ತೆರಡು ವರ್ಷ ಅವನು ಒಮ್ಮೆಯೂ ಸೋತಿರಲಿಲ್ಲ. ಒಂದೆರಡು ಸಲ ಸೋತಿದ್ದರೆ ಎಷ್ಟೋ ಒಳ್ಳೆಯದಿತ್ತು.

ವರ್ನ್ ಏನೂ ದೊಡ್ಡ ಮನುಷ್ಯನಲ್ಲ. ಇಂಡಿಯಾನಾದ ನಮ್ಮ ವೇಡ್ಸ್‌ಬರೊದಲ್ಲಿ ಮೂವತ್ತೊಂದು ವರ್ಷ ಮನೆಮನೆಯ ನೀರಿನ ಮೀಟರು ಓದಿದವನು. ಮೀಟರು ಇರುವುದು ನೆಲಮಾಳಿಗೆಯಲ್ಲಿ, ಅಲ್ಲಿಗೆ ದಾರಿ ಗ್ಯಾರೇಜಿನ ಮೂಲಕ, ಗ್ಯಾರೇಜಿನಲ್ಲಿ ಹತ್ತು ಮನೆಗೆ ಆರರಲ್ಲಿ ಮೆರಿಡಿಯನ್. ಊರಿನ ಕಾರ್ಖಾನೆಯಲ್ಲೇ ತಯಾರಾಗುತ್ತಿದ್ದ ಸೆಡಾನ್ ಅದು. ಕಾರ್ಖಾನೆ ಸಾವಿರದ ಒಂಬೈನೂರ ಐವತ್ತೇಳರಲ್ಲಿ ಬಾಗಿಲು ಹಾಕಿತು, ಕಾರುಗಳು ಮಾತ್ರ ಊರಲ್ಲೇ ಉಳಿದವು. ಮೀಟರಿಗೆ ಎರಡು ನಿಮಿಷ, ಕಾರಿಗೆ ಹತ್ತು ನಿಮಿಷ, ಹೀಗಿತ್ತು ವರ್ನ್‌ನ ಕೆಲಸ. ಕಂಪನಿಯವರು ವರ್ಷವರ್ಷವೂ ಏನಾದರೊಂದು ಬದಲಿಸುತ್ತಿದ್ದರು. ಪಕ್ಕದ ಮನೆಯವನ ಹೊಟ್ಟೆ ಉರಿಯದಿದ್ದರೆ ಹೊಸ ಕಾರು ಮಾರಾಟವಾಗುವುದಾದರೂ ಹೇಗೆ? ಐವತ್ತೊಂದರ ರೇಡಿಯೋ ಗುಬುಟು ನುಣ್ಣಗೆ, ಐವತ್ತೆರಡರದಕ್ಕೆ ಸುತ್ತ ಗೀರು. ಐವತ್ಮೂರರ ಡಿಕ್ಕಿ ಹಿಡಿಕೆ ಚಪ್ಪಟೆ, ಐವತ್ನಾಲ್ಕರದಕ್ಕೆ ನಡುವೆ ಸಣ್ಣ ಏಣು. ಇಂಥ ನೂರಾರು ಸಂಗತಿಗಳು ವರ್ನ್‌ನ ಹೆಬ್ಬೆರಳಿನಲ್ಲಿದ್ದವು.

ಜುಲೈ ತಿಂಗಳ ಎರಡನೇ ಶನಿವಾರ ಜಾತ್ರೆ ಮೈದಾನದಲ್ಲಿ ಮೆರಿಡಿಯನ್ ಇಟ್ಟುಕೊಂಡವರೆಲ್ಲ ಸೇರುತ್ತಿದ್ದರು. ಬೆಳಿಗ್ಗೆ ಕಾರುಗಳ ಪರಿಶೀಲನೆ. ಕಾರು ಕಾರ್ಖಾನೆಯಿಂದ ಹೊರಬಂದಾಗ ಹೇಗಿತ್ತೋ ಹಾಗೇ ಇದ್ದರೆ ನೂರು ಅಂಕ, ಬೇರೆ ವರ್ಷದ ಭಾಗ ಕಂಡರೆ ಕಡಿತ. ಅಂಕ ಕಳೆಯುವವನು ವರ್ನ್. ಮಧ್ಯಾಹ್ನ ಬೇಯಿಸಿದ ಮುಸುಕಿನಜೋಳ, ಹಂದಿಮಾಂಸದ ಸ್ಯಾಂಡ್‌ವಿಚ್ಚು, ಹೆಂಗಸರು ತಂದ ಪೈ. ಅದಾದ ಮೇಲೆ ದಿಂಬಿನ ಚೀಲದ ಆಟ. ಪೆಟ್ರೋಲ್ ಬಂಕಿನ ಬಕ್ ಲಿಂಡಾಲ್ ಒಂದು ದಿಂಬಿನ ಚೀಲದೊಳಗೆ ಕಾರಿನ ಭಾಗ ಹಾಕಿ ತರುತ್ತಿದ್ದ, ವರ್ನ್ ಒಳಗೆ ಕೈಯಿಟ್ಟು ವರ್ಷ ಹೇಳುತ್ತಿದ್ದ.

"ನಾನು ಹುಟ್ಟಿದ ವರ್ಷ ಕೇಳಿ ನೋಡಿ, ಆಗ ತಡಬಡಾಯಿಸ್ತಾನೆ," ಎಂದು ಹೆಂಡತಿ ಅರ್ಲೀನ್ ಪ್ರತಿವರ್ಷವೂ ಹೇಳುತ್ತಿದ್ದಳು. ಪ್ರತಿವರ್ಷವೂ ಜನ ನಗುತ್ತಿದ್ದರು. ವರ್ನ್‌ಗೆ ಕೋಡು ಮೂಡದೆ ಇನ್ನೇನಾಗುತ್ತದೆ?

ತೊಂಬತ್ನಾಲ್ಕರ ಜುಲೈನಲ್ಲಿ ಲೋರೇನ್ ಪಿಯಾಸೆಕಿ ಮೊದಲ ಸಲ ಮೈದಾನಕ್ಕೆ ಬಂದಳು. ಗಂಡ ಸ್ಟ್ಯಾನ್ ತೀರಿಕೊಂಡು ಒಂದು ವರ್ಷವಾಗಿತ್ತು. ಸ್ಟ್ಯಾನ್ ಕಾರ್ಖಾನೆಯಲ್ಲಿ ಡಿಕ್ಕಿ ಜೋಡಿಸುವ ಸಾಲಿನಲ್ಲಿದ್ದವನು. ತಾನು ಕೈಯಾರೆ ಜೋಡಿಸಿದ ಕಾರನ್ನೇ ಕೊಂಡು ಗೇಟು ದಾಟಿಸಿಕೊಂಡು ಬಂದಿದ್ದ. ತಿಳಿಹಸಿರು ಬಣ್ಣದ ಐವತ್ಮೂರರ ಗಾಡಿ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಲೋರೇನ್ ಅದರ ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು, ಭಾನುವಾರದ ಉಡುಪಿನಲ್ಲಿ ಕುಳಿತಿದ್ದಳು.

"ಗೇಟು ದಾಟಿದ ದಿನದಿಂದ ಒಂದು ಸ್ಕ್ರೂ ಕೂಡ ಬದಲಾಗಿಲ್ಲ. ಸ್ಟ್ಯಾನ್ ನಲವತ್ತು ವರ್ಷ ಇದೊಂದೇ ಮಾತು ಹೇಳ್ತಿದ್ದ," ಎಂದಳು.

ವರ್ನ್ ಸುತ್ತಿ ಬಂದ. ತಪ್ಪು ಸಿಗಲಿಲ್ಲ. ಸಿಗದಿದ್ದಕ್ಕೆ ಅವನಿಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಹಿಂದೆ ಬಂದು ಡಿಕ್ಕಿಯ ಹಿಡಿಕೆಯ ಮೇಲೆ ಹೆಬ್ಬೆರಳು ಎಳೆದ. ನಡುವೆ ಏಣು.

"ಇದು ಐವತ್ನಾಲ್ಕರದು, ಮಿಸೆಸ್ ಪಿಯಾಸೆಕಿ. ಆಮೇಲೆ ಹಾಕಿರೋದು."

"ಇಲ್ಲ ಮಿಸ್ಟರ್ ಕ್ಲಿಂಗ್‌ಮನ್. ಸ್ಟ್ಯಾನ್ ಏನೂ ಬದಲಾಯಿಸಿಲ್ಲ. ನನ್ಹತ್ರ ಹೇಳಿದಾನಲ್ಲ."

ಸುತ್ತ ಹತ್ತು ಹನ್ನೆರಡು ಜನ ಸೇರಿದ್ದರು. ನಾಲಿಗೆಗೆ ಎಲುಬಿಲ್ಲ. ವರ್ನ್ ಹೇಳಿದ: "ಗಂಡಂದಿರು ಹೆಂಡ್ತೀರಿಗೆ ಹೇಳೋದೆಲ್ಲ ನಿಜ ಆಗಿದ್ರೆ, ಈ ದೇಶದ ಲಾಯರ್‌ಗಳೆಲ್ಲ ಉಪವಾಸ ಬೀಳ್ತಿದ್ರಮ್ಮ!"

ಎಲ್ಲರೂ ಗೊಳ್ಳೆಂದು ನಕ್ಕರು. "ಸ್ಟ್ಯಾನ್ ಕಳ್ಳ, ಗುಜರಿ ಅಂಗಡಿಗೆ ಹೋಗಿದ್ದ ಅನ್ನು!" ಎಂದು ಬಕ್ ಬೇರೆ ಸೇರಿಸಿದ. ಲೋರೇನ್ ನಗಲಿಲ್ಲ. ಅವಳ ಮುಖ ಹುಳ್ಳಗಾದದ್ದನ್ನು ವರ್ನ್ ಕಂಡ. ಕಂಡು, ಪಟ್ಟಿಯಲ್ಲಿ ಮೂರು ಅಂಕ ಕಳೆದ.

ಇಷ್ಟಕ್ಕೇ ನಿಂತಿದ್ದರೆ ಹೇಗೋ ಆಗುತ್ತಿತ್ತು. ವರ್ನ್‌ಗೆ ಉಪಕಾರ ಮಾಡುವ ಹುಕ್ಕಿ ಬಂತು. ಮರುವಾರ ತನ್ನ ಶೆಡ್ಡಿನಿಂದ ಚಪ್ಪಟೆಯದೊಂದು ಹಿಡಿಕೆ ತೆಗೆದುಕೊಂಡು ಅವಳ ಮನೆಗೆ ಹೋದ, ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿದ. "ಈಗ ಸರಿಯಾದ ಐವತ್ಮೂರು ಆಯ್ತು ನೋಡಿ," ಎಂದ. ಹಳೆಯದನ್ನು ಅವಳತ್ತ ಚಾಚಿದಾಗ ಅವಳು ಕೈ ನೀಡಲಿಲ್ಲ.

"ನೀವೇ ಇಟ್ಕೊಳ್ಳಿ. ಅದು ನನ್ನ ಮನೇಲಿರೋದು ಬೇಡ."

ವರ್ನ್ ಅದನ್ನು ಜೇಬಿಗಿಳಿಸಿದ. ತಿರುಗಿಸಿ ನೋಡಲಿಲ್ಲ. ತಿರುಗಿಸಿ ನೋಡುವುದು ಗೊತ್ತಿಲ್ಲದವರ ಕೆಲಸ ಅಂತ ಅವನ ಎಣಿಕೆ. ಶೆಡ್ಡಿಗೆ ಬಂದು 'ಐವತ್ನಾಲ್ಕು' ಎಂದು ಚೀಟಿ ಅಂಟಿಸಿದ್ದ ಕಾಫಿ ಡಬ್ಬಿಗೆ ಅದನ್ನು ಹಾಕಿ ಮರೆತ.

ಫೆಬ್ರವರಿಯಲ್ಲಿ ಮೊಣಕಾಲುದ್ದ ಹಿಮ ಬಿತ್ತು. ಹೊರಗೆ ಹೋಗುವಂತಿಲ್ಲ, ಒಳಗೆ ಕೂತರೆ ಅರ್ಲೀನ್ ಬಿಡುವುದಿಲ್ಲ. ವರ್ನ್ ಶೆಡ್ಡಿನಲ್ಲಿ ಒಲೆ ಹಚ್ಚಿಕೊಂಡು ಡಬ್ಬಿಗಳನ್ನು ಒಂದೊಂದಾಗಿ ಸುರಿದು ಎಲ್ಲವನ್ನೂ ಒರೆಸುತ್ತ ಕೂತ. ಆ ಹಿಡಿಕೆಯ ಹಿಂಬದಿಯಲ್ಲಿ ಜಿಡ್ಡು ಗಟ್ಟಿಯಾಗಿ ಕೂತಿತ್ತು. ಸೀಮೆಎಣ್ಣೆಯಲ್ಲಿ ಅದ್ದಿ ಬಟ್ಟೆಯಿಂದ ಉಜ್ಜಿದ. ಜಿಡ್ಡಿನಡಿಯಿಂದ ಮೊಳೆಯಲ್ಲಿ ಗೀಚಿದ ಅಕ್ಷರಗಳು ಎದ್ದವು.

'ಲೋರೇನ್‌ಗೆ. ಸ್ಟ್ಯಾನ್. ಜುಲೈ ೧೭, ೧೯೫೩.'

ವರ್ನ್ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದ. ಅವನಿಗೆ ಎಲ್ಲವೂ ಅರ್ಥವಾಗಿತ್ತು, ಅವನಿಗಲ್ಲದೆ ಇನ್ಯಾರಿಗೆ ಅರ್ಥವಾಗಬೇಕು? ಕಾರ್ಖಾನೆಯ ಲೆಕ್ಕದಲ್ಲಿ ವರ್ಷ ಮುಗಿಯುತ್ತಿದ್ದದ್ದು ಜುಲೈಗೆ. ಆ ಕೊನೆಯ ವಾರಗಳಲ್ಲಿ ಹಳೆಯ ಹಿಡಿಕೆ ಮುಗಿದರೆ ಕಾರ್ಖಾನೆಯವರು ಸಾಲು ನಿಲ್ಲಿಸುತ್ತಾರೆಯೇ? ಮುಂದಿನ ವರ್ಷಕ್ಕೆಂದು ಬಂದ ಹಿಡಿಕೆಯನ್ನೇ ಹಾಕಿ ತಳ್ಳುತ್ತಾರೆ. ಸ್ಟ್ಯಾನ್ ತನಗೆಂದು ಬರುತ್ತಿದ್ದ ಕಾರಿಗೆ ಆ ಹಿಡಿಕೆ ಕೂರಿಸುವ ಮುಂಚೆ, ಯಾರಿಗೂ ಕಾಣದ ಕಡೆ ಹೆಂಡತಿಯ ಹೆಸರು ಗೀಚಿದ್ದ. ನಲವತ್ತು ವರ್ಷ ಒಂದು ಸ್ಕ್ರೂ ಕೂಡ ಬದಲಿಸಿರಲಿಲ್ಲ. ಆಡಿದ ಮಾತು ಅಕ್ಷರಶಃ ನಿಜವಾಗಿತ್ತು.

ಇನ್ನೂ ನಾಚಿಕೆಯ ಸಂಗತಿ ಬೇರೆಯಿತ್ತು. ಪರಿಶೀಲನೆಯ ನಿಯಮಗಳ ಪುಟ್ಟ ಪುಸ್ತಕವೊಂದಿತ್ತು, ಅದನ್ನು ಬರೆದವನು ವರ್ನ್‌ನೇ. ಹನ್ನೊಂದನೇ ನಿಯಮ: 'ವರ್ಷದ ಕೊನೆಯಲ್ಲಿ ತಯಾರಾದ ಗಾಡಿಯಲ್ಲಿ ಮುಂದಿನ ವರ್ಷದ ಭಾಗ ಕಂಡರೆ, ಬಿಚ್ಚಿಸಿ ಹಿಂಬದಿ ನೋಡದೆ ಅಂಕ ಕಳೆಯಕೂಡದು.' ಬೇರೆಯವರಿಗೆಂದು ಬರೆದ ನಿಯಮ ಅದು. ತನ್ನ ಹೆಬ್ಬೆರಳಿಗೆ ನಿಯಮ ಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ.

ಊಟಕ್ಕೆ ಕೂತಾಗ ಅರ್ಲೀನ್‌ಗೆ ಹೇಳಿದ. ಹೇಳದಿದ್ದರೂ ಅವಳು ಮುಖ ನೋಡಿಯೇ ಹಿಡಿಯುತ್ತಿದ್ದಳು.

"ಹೋಗಿ ಕೊಟ್ಟು ಬಾ. ಈಗಲೇ ಹೋಗು," ಎಂದಳು.

"ಹಿಮ ಬಿದ್ದಿದೆಯಲ್ಲೇ."

"ಹಿಮ ಕರಗತ್ತೆ. ನೀನು ಕರಗಲ್ಲ, ಗೊತ್ತು ನಂಗೆ."

ಹಿಮ ಕರಗಿತು. ಆಮೇಲೆ ರಸ್ತೆ ಕೆಸರು. ಆಮೇಲೆ ವರ್ನ್‌ಗೆ ನೆಗಡಿ. ಆಮೇಲೆ ಟೊಮೇಟೊ ಸಸಿ ನೆಡುವ ಕಾಲ. ನೆಪಕ್ಕೇನು ಬರಗಾಲವೇ? ಲೋರೇನ್‌ಳ ಬೀದಿ ತಪ್ಪಿಸಲು ಎರಡು ಮೈಲಿ ಸುತ್ತಿಕೊಂಡು ಅಂಗಡಿಗೆ ಹೋಗತೊಡಗಿದ. ಒಮ್ಮೆ ಚರ್ಚಿನ ಮುಂದೆ ಅವಳ ಕೋಟು ಕಂಡಂತಾಗಿ, ಅರವತ್ತೆಂಟು ವರ್ಷದ ಮನುಷ್ಯ ಬೇರೆಯವರ ವ್ಯಾನಿನ ಹಿಂದೆ ಬಗ್ಗಿ ನಿಂತ. ಅವಳಲ್ಲ, ಬೇರೆ ಯಾರೋ. ಎದ್ದು ನಿಂತಾಗ ತನ್ನ ಮೇಲೆ ತನಗೇ ಅಸಹ್ಯವಾಯಿತು. ಆದರೂ ಹೋಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡಿದ ಮಾತನ್ನು ಹಿಂದಕ್ಕೆ ತರಲಾಗದು ಸರಿ, ಹಿಡಿಕೆಯನ್ನು ತಂದುಕೊಡಬಹುದಿತ್ತಲ್ಲ. ಅದು ಅವನ ಕೋಟಿನ ಜೇಬಿನಲ್ಲೇ ಇತ್ತು.

ಜೂನ್ ಮೊದಲ ವಾರ ಬಕ್ ಫೋನು ಮಾಡಿದ. "ಲೋ ವರ್ನ್, ಪಿಯಾಸೆಕಿ ವಿಧವೆ ಕಾರು ಮಾರ್ತಿದಾಳೆ ಕಣೋ! ಅಂಗಳದಲ್ಲಿ ಬೋರ್ಡು ಹಾಕಿದಾಳೆ. ತೊಗೊಳ್ಳೋ, ನಿನ್ನ ಹಿಡಿಕೆ ಇರೋ ಗಾಡಿ!"

ವರ್ನ್ ಫೋನು ಇಟ್ಟು ನೇರವಾಗಿ ಹೊರಟ. ದಾರಿಯುದ್ದಕ್ಕೂ ಒಂದು ಸುಳ್ಳನ್ನು ಬಾಯಿಪಾಠ ಮಾಡಿಕೊಂಡ: ನಿನ್ನೆ ಸಿಕ್ಕಿತು, ಇವತ್ತು ಓಡಿಬಂದೆ.

ಲೋರೇನ್ ಅಂಗಳದಲ್ಲೇ ಇದ್ದಳು. ಕಾರಿನ ಗಾಜಿನ ಮೇಲೆ 'ಮಾರಾಟಕ್ಕಿದೆ' ಎಂಬ ಚೀಟಿ. ವರ್ನ್ ಟೋಪಿ ತೆಗೆದ. ಸುತ್ತಿ ತಂದಿದ್ದ ಕರವಸ್ತ್ರ ಬಿಡಿಸಿ, ಹಿಡಿಕೆಯ ಹಿಂಬದಿ ಮೇಲೆ ಮಾಡಿ, ಅವಳ ಮುಂದೆ ಹಿಡಿದ. "ನಾನು ಹೇಳಿದ್ದು ತಪ್ಪು, ಮಿಸೆಸ್ ಪಿಯಾಸೆಕಿ. ಇದನ್ನ ಕಾರ್ಖಾನೇಲೇ ಹಾಕಿದ್ರು. ಸ್ಟ್ಯಾನ್ ನಿಮ್ಗೆ ನಿಜಾನೇ ಹೇಳಿದ್ರು."

ಅವಳು ತೆಗೆದುಕೊಂಡು ಓದಿದಳು. ಬಹಳ ಹೊತ್ತು ಓದಿದಳು, ಇದ್ದದ್ದು ಎರಡು ಹೆಸರು, ಒಂದು ತಾರೀಖು.

"ಎಷ್ಟು ಕೆಟ್ಟದಾಗಿ ಬರೀತಿದ್ದ ನೋಡಿ," ಎಂದಳು. "ಹಿಡಿಕೆ ವಿಷಯಕ್ಕೇ ಸುಳ್ಳು ಹೇಳಿದವನು ಇನ್ನು ಯಾತಕ್ಕೆಲ್ಲ ಹೇಳಿದ್ನೋ ಅಂತ ಇಡೀ ಚಳಿಗಾಲ ಕೂತು ಯೋಚ್ನೆ ಮಾಡಿದೀನಿ. ಓವರ್‌ಟೈಮು ಅಂತ ಹೋಗ್ತಿದ್ದ ಶನಿವಾರಗಳನ್ನೆಲ್ಲ ಒಂದೊಂದಾಗಿ ನೆನೆಸ್ಕೊಂಡೆ. ಛೀ, ಎಂಥ ಹೆಂಗಸು ನಾನು!"

"ತಪ್ಪು ನಿಮ್ಮದಲ್ಲ. ನನ್ನದು."

"ಯಾವಾಗ ಗೊತ್ತಾಯ್ತು ನಿಮ್ಗೆ?"

ಬಾಯಿಪಾಠ ಮಾಡಿದ ಮಾತು ತುಟಿಯವರೆಗೂ ಬಂತು. ಅವಳ ಹೆಬ್ಬೆರಳು ಆ ಅಕ್ಷರಗಳ ಮೇಲಿತ್ತು. ವರ್ನ್‌ಗೆ ಸುಳ್ಳು ಹೇಳಲಾಗಲಿಲ್ಲ.

"ಫೆಬ್ರವರಿಯಲ್ಲಿ."

ಲೋರೇನ್ ತಲೆಯೆತ್ತಿದಳು. "ಮೇ ತಿಂಗಳ ಕೊನೇಲಿ ಎಲ್ರೂ ಸತ್ತವರಿಗೆ ಹೂ ಇಡೋಕೆ ಹೋಗ್ತಾರಲ್ಲ, ಆ ಸೋಮವಾರ ನಾನು ಸ್ಟ್ಯಾನ್ ಹತ್ರ ಹೋಗ್ಲಿಲ್ಲ ಮಿಸ್ಟರ್ ಕ್ಲಿಂಗ್‌ಮನ್. ಜೆರೇನಿಯಂ ಕುಂಡ ತಂದಿದ್ದೆ, ಮೆಟ್ಟಿಲ ಮೇಲೆ ಇಟ್ಟೆ, ಹೋಗ್ಲಿಲ್ಲ. ಅಕ್ಕಪಕ್ಕದ ಸಮಾಧಿಗೆಲ್ಲ ಹೂ ಇತ್ತಂತೆ. ಅವನದೊಂದು ಬೋಳು."

ಮೆಟ್ಟಿಲ ಮೇಲೆ ಕುಂಡ ಇನ್ನೂ ಇತ್ತು. ನೆಲ ಬಿರಿದು ನುಂಗಬಾರದೇ ಅನ್ನಿಸಿತು ವರ್ನ್‌ಗೆ. ಫೆಬ್ರವರಿಗೂ ಮೇ ತಿಂಗಳ ಕೊನೆಗೂ ನಡುವೆ ಮೂರು ತಿಂಗಳಿಗೂ ಹೆಚ್ಚು. ಅವನ ಮನೆಯಿಂದ ಇಲ್ಲಿಗೆ ಒಂಬತ್ತು ನಿಮಿಷದ ದಾರಿ.

ಅವಳು ಒಳಗೆ ಹೋಗಿ ಸ್ಕ್ರೂಡ್ರೈವರ್ ತಂದು ಅವನ ಕೈಗಿಟ್ಟಳು. ಅವನು ಬಗ್ಗಿ, ತಾನೇ ಹಾಕಿದ್ದ ಚಪ್ಪಟೆ ಹಿಡಿಕೆ ಬಿಚ್ಚಿ, ಸ್ಟ್ಯಾನ್‌ನದನ್ನು ಕೂರಿಸಿದ. ಎರಡು ಸಲ ಸ್ಕ್ರೂ ಜಾರಿ ಬಿತ್ತು. ಅವಳು ಎತ್ತಿಕೊಡಲಿಲ್ಲ.

"ಬರೆದಿದ್ದು ಒಳಗೆ ಹೋಯ್ತಲ್ಲ," ಎಂದ ವರ್ನ್.

"ಹೋಗ್ಲಿ. ಅಲ್ಲೇ ಇತ್ತಲ್ಲ ಇಷ್ಟು ವರ್ಷ." ಗಾಜಿನ ಮೇಲಿನ ಚೀಟಿಯನ್ನು ಕಿತ್ತು ಮಡಚಿದಳು. "ನನ್ನ ಗಂಡನ್ನ ನೋಡಿ ಜನ ನಕ್ಕಿದ್ದು ಮೈದಾನದಲ್ಲಿ. ನನ್ನ ಅಂಗಳದಲ್ಲಿ ತಪ್ಪಾಯ್ತು ಅಂದ್ರೆ ಸಾಲಲ್ಲ."

ಜುಲೈ ಎರಡನೇ ಶನಿವಾರ ಲೋರೇನ್ ಅದೇ ಜಾಗದಲ್ಲಿ ತಿಳಿಹಸಿರು ಕಾರು ನಿಲ್ಲಿಸಿ, ಅದೇ ಕುರ್ಚಿ ಹಾಕಿಕೊಂಡು ಕೂತಳು. ಊಟವಾಯಿತು. ಬಕ್ ದಿಂಬಿನ ಚೀಲ ಹಿಡಿದು ಬಂದ. "ಬಾರಪ್ಪಾ ಹೆಬ್ಬೆರಳ ರಾಜ!"

ವರ್ನ್ ಚೀಲಕ್ಕೆ ಕೈ ಹಾಕಲಿಲ್ಲ. ಎದ್ದು ನಿಂತು, ಹೋದ ವರ್ಷ ಸ್ಟ್ಯಾನ್ ಪಿಯಾಸೆಕಿಯ ಗಾಡಿಯ ಬಗ್ಗೆ ತಾನು ಹೇಳಿದ್ದು ತಪ್ಪು ಎಂದ. ಹಿಡಿಕೆ ಕಾರ್ಖಾನೆಯದೇ ಎಂದ. ತಾನೇ ಬರೆದ ಹನ್ನೊಂದನೇ ನಿಯಮವನ್ನು ತಾನೇ ಓದಿಕೊಂಡಿರಲಿಲ್ಲ ಎಂದ. ಹಿಂಬದಿಯಲ್ಲಿ ಏನಿತ್ತೆಂದು ಮಾತ್ರ ಹೇಳಲಿಲ್ಲ, ಅದು ಅವಳದು. ಯಾರೂ ನಗಲಿಲ್ಲ. ಬಕ್ ಚೀಲವನ್ನು ಬೆನ್ನ ಹಿಂದೆ ಸರಿಸಿದ. ಹಿಂದಿನ ಬೆಂಚಿನಿಂದ ಯಾರೋ ಚಪ್ಪಾಳೆ ತಟ್ಟಿದರು, ಇನ್ನಿಬ್ಬರು ಸೇರಿಕೊಂಡರು. ಎಂಥ ದೊಡ್ಡ ಮನಸ್ಸಪ್ಪಾ, ಹೀಗೆ ಒಪ್ಪಿಕೊಳ್ಳೋಕೆ ಎಲ್ರಿಗೂ ಆಗಲ್ಲ ಎಂಬ ಮಾತು ಕೇಳಿಸಿತು. ವರ್ನ್‌ಗೆ ಎದೆ ಹಗುರಾಯಿತು. ನಿಜ ಹೇಳಬೇಕೆಂದರೆ, ಸ್ವಲ್ಪ ಹೆಮ್ಮೆಯೂ ಆಯಿತು. ಕೂರಲು ಬೆಂಚಿಗೆ ಕೈಯೂರಿದ.

"ಮಿಸ್ಟರ್ ಕ್ಲಿಂಗ್‌ಮನ್," ಎಂದಳು ಲೋರೇನ್ ಕುರ್ಚಿಯಿಂದಲೇ. ದನಿ ಏರಿಸಲಿಲ್ಲ. "ಯಾವಾಗ ಗೊತ್ತಾಯ್ತು ಅನ್ನೋದನ್ನೂ ಹೇಳಿ."

ಚಪ್ಪಾಳೆ ನಿಂತಿತು. ಅರ್ಲೀನ್ ಮಡಿಲಲ್ಲಿದ್ದ ತಟ್ಟೆಯನ್ನೇ ನೋಡುತ್ತಿದ್ದಳು. ವರ್ನ್ ಮತ್ತೆ ನೆಟ್ಟಗೆ ನಿಂತ. ಟೋಪಿ ತೆಗೆದ.

"ಫೆಬ್ರವರಿಯಲ್ಲಿ," ಎಂದ.

ಲೋರೇನ್ ಸರಿ ಎಂಬಂತೆ ತಲೆಯಾಡಿಸಿ, ಎದ್ದು, ಕುರ್ಚಿ ಮಡಚಿ ಡಿಕ್ಕಿಯಲ್ಲಿಟ್ಟು ಮುಚ್ಚಿದಳು.